ಕಾರ್ಡಿಲ್ಲದ ಸೆಟ್ಟಿನ ಮಾಲಕರು

ನಮ್ಮ ಮಾಲಕರ ಎಡಗಿವಿ ಹಿಂಡಿ ಒಗೆದ ಅರಿವೆಯಂತೆ ಮುದುಡಿತ್ತು. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಹಿಡಿದು ಆದದ್ದು. ಮೊಬೈಲು ಪರೀಕ್ಷೆ ಮಾಡುವಾಗ ಸೆಟ್ಟನ್ನು ಆ ಕಿವಿಗೇ ಒತ್ತಿಕೊಳ್ಳುವರು. "ಈ ಕಿವ್ಯಾಗ ಕೇಳ್ತಂದ್ರ ಊರ ಮಂದಿಗೆಲ್ಲಾ ಕೇಳ್ತೈತಿ" ಎನ್ನುವರು.

ಗದಗ ಹೊಸದಾಗಿ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ನಾನು ಮದುವೆಯಾದ ಮೇಲೆ, ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಕೈಮಗ್ಗ ಬಿಟ್ಟು ಬೆಟಗೇರಿಯ ಅವರ ಮೊಬೈಲು ಅಂಗಡಿ ಸೇರಿದೆ. ಆಗ ಪೇಟೆಯಲ್ಲಿ ಎರಡು ನಮೂನೆ. ಜಿಎಸ್‌ಎಂ ಸೆಟ್ಟಿಗೆ ಸಿಮ್ ಕಾರ್ಡು ಹಾಕಬೇಕು. ಸಿಡಿಎಂಎಗೆ ಕಾರ್ಡಿಲ್ಲ, ನಂಬರು ಸೆಟ್ಟಿನ ಹೊಟ್ಟೆಯಲ್ಲೇ ಇರುತ್ತದೆ. ಮಾಲಕರು ಸಿಡಿಎಂಎ ಕಡೆಯವರು. ಗಿರಾಕಿ ಬಂದರೆ ಎರಡೂ ಸೆಟ್ಟಿನಿಂದ ಅವನ ಮನೆಗೇ ಫೋನು ಹಚ್ಚಿಸುವರು. ಸಿಡಿಎಂಎದಲ್ಲಿ ಹೆಂಡತಿ ಪಕ್ಕದಲ್ಲೇ ಕುಳಿತು ಬೈದಷ್ಟು ಸ್ವಚ್ಛ. ಇನ್ನೊಂದನ್ನು ಕೊಟ್ಟು, "ಕೇಳ್ರಿ, ಕೊಡದಾಗ ತಲಿ ಹಾಕಿ ಮಾತಾಡಿದಂಗ ಐತಿಲ್ಲ?" ಎನ್ನುವರು. ಕಂಪ್ಯೂಟರಿಗೆ ವಯರು ಹಚ್ಚಿ ಇಂಟರ್ನೆಟ್ಟೂ ತೋರಿಸುವರು. ಸಿಡಿಎಂಎದಲ್ಲಿ ಫೋಟೋ ಪೂರ್ತಿ ಮೂಡುವ ಹೊತ್ತಿಗೆ ಜಿಎಸ್‌ಎಂನಲ್ಲಿ ಹಣೆಯಷ್ಟೇ ಬಂದಿರುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇದನ್ನು ನಾನು ಇಂದಿಗೂ ಒಪ್ಪುತ್ತೇನೆ.

ಆದರೆ ಆ ಮನುಷ್ಯ ಕ್ರೂರಿ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನನ್ನನ್ನು ಕರೆಯುತ್ತಿದ್ದದ್ದೇ "ಲೇ ಏಳನೇತ್ತಾ" ಎಂದು. ಅಂಗಡಿ ತುಂಬಿದಾಗಲೇ ಡಬ್ಬಿ ಮೇಲಿನ ಇಂಗ್ಲಿಷು ಓದಲು ಹಚ್ಚುವರು. ನಾನು ತಡವರಿಸಿದರೆ, "ಮಗ್ಗದ ಕುಣ್ಯಾಗಿಂದ ಎಬ್ಬಿಸಿ ತಂದೀನ್ರಿ, ಇನ್ನೂ ಕಾಲ ಆಡಸ್ತಾನ ನೋಡ್ರಿ" ಎಂದು ನಗಿಸುವರು. ಖಾಲಿ ಡಬ್ಬಿಗಳನ್ನು ಮನೆಗೆ ಒಯ್ದು ನಸುಕಿನಲ್ಲಿ ಒಂದೊಂದೇ ಅಕ್ಷರ ಕಲಿತೆ. ವರ್ಷದೊಳಗೆ ಸರಾಗ ಓದಿದೆ. ಅಂದಿನಿಂದ ಅವರು ಓದಿಸುವುದನ್ನೇ ಬಿಟ್ಟರು.

ನನಗೊಂದು ಸಿಡಿಎಂಎ ಸೆಟ್ಟು ಕೊಟ್ಟು ಹಳ್ಳಿಗಳಿಗೆ ಅಟ್ಟಿದರು. ಯಳವತ್ತಿ, ಬೆಳ್ಳಟ್ಟಿ, ಕೊರ್ಲಹಳ್ಳಿ ತಿರುಗಿ ಸೆಟ್ಟು ಮಾರಿದೆ, ಕೆಟ್ಟದ್ದನ್ನು ರಿಪೇರಿ ಮಾಡಿದೆ. ಗಿರಣಿ ಗೋಡೆಗೆ, ಬಾಗಿಲಿಗೆ ನನ್ನ ನಂಬರು ಬಣ್ಣದಲ್ಲಿ ಬರೆದೆ. ನಾಲ್ಕು ವರ್ಷ ದುಡಿದು, ಸ್ವಂತ ಅಂಗಡಿ ಇಡುತ್ತೇನೆ ಎಂದಾಗ ಮಾಲಕರು ಕೈ ಚಾಚಿದರು.

"ಸೆಟ್ ಇಡು."

"ಮಂದಿಗೆಲ್ಲಾ ಇದ ನಂಬರ್ ಗೊತ್ತೈತ್ರಿ. ನನ್ನ ದಂಧೆ ಎಲ್ಲಾ ಇದರಾಗ ಐತಿ."

"ನಂಬರ್ ಸೆಟ್ಟಿನ್ಯಾಗೈತಿ. ಸೆಟ್ ನಂದೈತಿ. ನಿಂದೇನೈತಲೇ?"

ಇಟ್ಟು ಬಂದೆ. ಅವರು ಅದನ್ನು ಬಂದ್ ಮಾಡಲಿಲ್ಲ. ನನ್ನನ್ನು ಕೇಳಿ ಫೋನು ಬಂದರೆ ತಾವೇ ಎತ್ತಿ, "ಅಂವ ತೀರಿಕೊಂಡಾನ್ರಿ. ಇನ್ನ ಏನಿದ್ರೂ ನಮ್ಮ ಅಂಗಡಿಗೆ ಬರ್ರಿ" ಎನ್ನುತ್ತಿದ್ದರು.

ಅದನ್ನು ನಂಬಿ, ನನ್ನಿಂದ ಸೆಟ್ಟು ಕೊಂಡು ಮಗನಂತೆ ಹಚ್ಚಿಕೊಂಡಿದ್ದ ಕೊರ್ಲಹಳ್ಳಿಯ ಮುದುಕ-ಮುದುಕಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಮುದುಕಿ ಬಾಗಿಲಲ್ಲೇ ನನ್ನ ಅವ್ವನ ಕೊರಳಿಗೆ ಬಿದ್ದು ಅತ್ತಳಂತೆ. ಮುಂಜಾನೆ ಹೊರಗೆ ಹೋದ ಮಗನಿಗೆ ಏನೋ ಆಯಿತೆಂದು ಅವ್ವ ಕುಸಿದಳು. ಮಧ್ಯಾಹ್ನ ನಾನು ಮನೆಗೆ ಬಂದರೆ ಓಣಿಯ ಹೆಂಗಸರೆಲ್ಲ ಒಳಗಿದ್ದಾರೆ; ಒಬ್ಬಳು ನನ್ನ ಹೆಂಡತಿಯ ಬಳೆಗೆ ಕೈ ಹಾಕಿದ್ದಾಳೆ. ಮುದುಕಿ ನನ್ನನ್ನು ಕಂಡವಳೇ ಕಪಾಳಕ್ಕೆ ಬಿಗಿದಳು. "ಜೀವಂತ ಇದ್ದಂವ ಫೋನ್ ಯಾಕ ಎತ್ತಲಿಲ್ಲೋ ಹಾಟ್ಯಾ!"

ಕೇಳಲು ಹೋದರೆ ಮಾಲಕರು ಗಿರಾಕಿಗಳತ್ತ ತಿರುಗಿ ನಕ್ಕರು. "ಸತ್ತಂವ ಬಂದಾನ್ರಿ, ಕುಂಡ್ರಾಕ ಜಾಗಾ ಮಾಡ್ರಿ."

ನಾನು ಜಿಎಸ್‌ಎಂ ಕಾರ್ಡು ಕೊಂಡೆ. ಊರೂರು ತಿರುಗಿ ಹಳೆಯ ನಂಬರಿಗೆ ಸುಣ್ಣ ಬಳಿದು ಹೊಸದು ಬರೆದೆ. ಕಾರ್ಡು ಮಾರುವಾಗ ಸುಳ್ಳು ಹೇಳಲಿಲ್ಲ. "ದನಿ ಒಡಕೈತ್ರಿ. ಆದ್ರ ಸೆಟ್ ಕೆಡ್ಲಿ, ಕಳೀಲಿ, ನಂಬರ್ ನಿಮ್ಮ ಕೈಯಾಗಿರ್ತೈತಿ" ಎಂದೆ. ಮಂದಿ ಕಾರ್ಡನ್ನೇ ಒಯ್ದರು.

ವರ್ಷಗಳು ಕಳೆದವು. ಕಂಪನಿ ಸಿಡಿಎಂಎ ಮುಚ್ಚುವುದಾಗಿ ಹೇಳಿ, ನಂಬರು ಉಳಿಸಿಕೊಳ್ಳಲು ಗಡುವು ಕೊಟ್ಟಿತು. ಮಾಲಕರು ತಮ್ಮ ಅಂಗಡಿಯ ಸೆಟ್ಟು ಹಿಡಿದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

"ಈ ನಂಬರ್ ಹೋದ್ರ ಅಂಗಡೀನ ಹೋತು. ಕಾರ್ಡಿಗೆ ತರಾಕ ಬರ್ತೈತೇನಪಾ?"

ಬರುತ್ತಿತ್ತು. ಆ ಸೆಟ್ಟಿನಿಂದ ಒಂದು ಮೆಸೇಜು ಕಳಿಸಿದರೆ ಆಗುವ ಕೆಲಸ. ಇನ್ನೂ ಎರಡು ದಿನ ಅವಧಿ ಇತ್ತು. ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಂತೆ ಮಾಡಿ, "ಟೈಮ್ ಮುಗದೈತ್ರಿ ಮಾಲಕರ" ಎಂದೆ. ಅವರು ಎರಡನೇ ಸಲ ಕೇಳಲಿಲ್ಲ. ಸೆಟ್ಟನ್ನು ಅಂಗಿಯ ತುದಿಯಿಂದ ಒರೆಸಿ ಕಿಸೆಗಿಟ್ಟುಕೊಂಡು, ಗೋಡೆ ಹಿಡಿದು ಇಳಿದರು.

ಕೆಲವು ತಿಂಗಳಲ್ಲಿ ಅವರ ಅಂಗಡಿ ಮುಚ್ಚಿತು. ಮರುವರ್ಷ ಬೇಸಿಗೆಯಲ್ಲಿ ತೀರಿಕೊಂಡರು. ನಾನೂ ಹೆಗಲು ಕೊಟ್ಟೆ. ಮೂರನೆಯ ದಿನ ಹೋದಾಗ ಅವರ ಹೆಂಡತಿ ಚಹಾ ತಂದಿಟ್ಟು ಹೇಳಿದರು:

"ಅವತ್ತ ನಿನ್ನ ಕಡೆ ಬಂದಿದ್ರಲ್ಲಪಾ, ಇನ್ನೊಂದ ಅಂಗಡ್ಯಾಗೂ ಕೇಳಿ ನೋಡ್ರಿ ಅಂದ್ನಿ. ಹೋಗಲಿಲ್ಲ. 'ಅಂವ ಮುಗದೈತಿ ಅಂದ್ರ ಮುಗದೈತಿ. ಅಂವಗ ಕೆಲಸ ಕಲಿಸಿದಂವ ನಾನು' ಅಂದ್ರು."