ಟವರ್ ಹತ್ತಿದ ಅರಗು

ಚನ್ನಪಟ್ಟಣದ ಬೊಂಬೆಗಾರ ಫಕ್ರುದ್ದೀನ್ ಸಾಹೇಬರ ಮಗ ರಸೂಲ್ ಟವರ್ ಹತ್ತುವ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಆರರಲ್ಲಿ. ಆಗ ಊರೂರಿಗೂ ಮೊಬೈಲ್ ಟವರ್‌ಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದವು. ಇತ್ತ ಪ್ಲಾಸ್ಟಿಕ್ ಬೊಂಬೆ ಬಂದು ಮರದ ಬೊಂಬೆಯನ್ನು ಕೇಳುವವರೇ ಇರಲಿಲ್ಲ. ಸಾಹೇಬರು ಮಾತ್ರ ಧೂಳು ಕುಡಿಯುತ್ತಾ ಮರ ಕಡೆಯುವ ಲೇತ್ ಮುಂದೆ ಕೂತೇ ಇದ್ದರು. ಮಳೆಗಾಲ ಕಳೆಯಲಿ, ಬಿಡದಿ ಕಡೆ ಪರ್ಮನೆಂಟ್ ಮಾಡಿಸ್ತೀನಿ ಎಂದು ಗುತ್ತಿಗೆದಾರ ದಾಸಪ್ಪ ರಸೂಲನಿಗೆ ಮಾತು ಕೊಟ್ಟಿದ್ದ. ಅದಾದ ದಿನವೇ ಅಬ್ಬಾನನ್ನು ಲೇತ್ ಮುಂದಿನಿಂದ ಏಳಿಸಬೇಕು. ಹುಡುಗನಿಗಿದ್ದದ್ದು ಅದೊಂದೇ ಆಸೆ.

ಫೋನಿನಲ್ಲಿ ಹಲೋ ಅನ್ನುವವರು ಯಾರೂ ತಲೆಯೆತ್ತಿ ನೋಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ಟವರಿನ ಬುಡದ ರೂಮಿನಿಂದ ಒಂದು ಕೇಬಲ್ ಮೇಲಕ್ಕೆ ಹೋಗುತ್ತದೆ. ಮೇಲೆ ದುಂಡನೆಯ ತಟ್ಟೆ, ತಟ್ಟೆಯ ಬೆನ್ನಿಗೆ ಊಟದ ಕ್ಯಾರಿಯರ್‌ನಷ್ಟು ದೊಡ್ಡ ಪೆಟ್ಟಿಗೆ. ಅದನ್ನು ಟವರ್ ಕೆಲಸದವರು ಓಡಿಯು ಅನ್ನುತ್ತಾರೆ. ಕೇಬಲ್ಲಿನಲ್ಲಿ ಬಂದ ಮಾತನ್ನು ಅದು ಮೈಕ್ರೋವೇವ್ ಅಲೆ ಮಾಡಿ ತಟ್ಟೆಗೆ ಕೊಡುತ್ತದೆ, ತಟ್ಟೆ ಎದುರಿನ ಟವರಿಗೆ ಎಸೆಯುತ್ತದೆ. ಅಲ್ಲಿಂದ ಬಂದದ್ದನ್ನು ಹಿಡಿದು ಕೆಳಗಿಳಿಸುವುದೂ ಅದೇ. ಆ ಅಲೆಯನ್ನು ಕೆಳಗೇ ಹುಟ್ಟಿಸಿದರೆ ಕೇಬಲ್ ಹತ್ತುವಷ್ಟರಲ್ಲಿ ಸತ್ತು ಹೋಗುತ್ತದೆ. ಆದ್ದರಿಂದ ಪೆಟ್ಟಿಗೆ ಮೇಲೆಯೇ ಇದ್ದು ಬಿಸಿಲು ಮಳೆ ತಿನ್ನಬೇಕು. ಕೇಬಲ್ ಅದಕ್ಕೆ ಸೇರುವ ಜಾಯಿಂಟೇ ಅದರ ಪ್ರಾಣ. ಅಲ್ಲಿ ಒಂದು ತೊಟ್ಟು ನೀರು ನಿಂತರೆ ಕಥೆ ಮುಗಿಯಿತು.

ನೀರು ಹೋಗದಿರಲೆಂದು ಜಾಯಿಂಟಿಗೆ ರಬ್ಬರ್ ಟೇಪ್ ಸುತ್ತುತ್ತಾರೆ. ದಾಸಪ್ಪ ಎರಡು ಟವರಿಗೆ ಒಂದೇ ಸುರುಳಿ ಕೊಡುತ್ತಿದ್ದ. ಉಳಿದದ್ದು ಯಾರ ಹೊಟ್ಟೆಗೆ ಹೋಗುತ್ತಿತ್ತೋ, ಆ ದೇವರಿಗೇ ಗೊತ್ತು. ಹೊಂಗನೂರಿನ ಟವರಿನ ಮೇಲೆ ಟೇಪು ಮುಗಿದಾಗ ತುಂತುರು ಹನಿಯುತ್ತಿತ್ತು. ರಸೂಲ್ ಮೇಲಿನಿಂದಲೇ ಫೋನ್ ಮಾಡಿದ.

"ಏನಾರ ಮಾಡ್ಲಾ, ಸಂಜೆಗೆ ಲಿಂಕ್ ಬರ್ಬೇಕು ಅಷ್ಟೇ," ಅಂದ ದಾಸಪ್ಪ.

ರಸೂಲನ ಜೇಬಿನಲ್ಲಿ ಬೊಂಬೆಗೆ ಬಣ್ಣ ಹಚ್ಚುವ ಅರಗಿನ ಕಡ್ಡಿ ಇತ್ತು. ಟೇಪಿನ ಗೋಳು ಕೇಳಿ ಸಾಹೇಬರೇ ಕೊಟ್ಟಿದ್ದರು. "ಅರಗು ಹಿಡಿದ ಕಡೆ ನೀರಿಗೆ ಜಾಗ ಇಲ್ಲ ಮಗಾ," ಅಂದಿದ್ದರು. ಬೊಂಬೆಗಾರರ ಮನೆಯಲ್ಲಿ ಹುಟ್ಟಿದವನಿಗೆ ಇನ್ನೇನು ತೋಚೀತು? ಲೈಟರ್ ಹಚ್ಚಿ, ಕೈ ಮರೆಮಾಡಿ, ಕೆಂಪರಗು ಕರಗಿಸಿ ಜಾಯಿಂಟಿನ ಸುತ್ತ ಬಳಿದ. ಒಳಗೆ ಆಗಲೇ ಕೂತಿದ್ದ ತೇವವನ್ನು ಒರೆಸಲಿಲ್ಲ. ಸಂಜೆಗೆ ಎದುರಿನ ಟವರಿನ ಲಿಂಕ್ ಬಂತು. ಸಾಹೇಬರು ಟೀ ಅಂಗಡಿಯಲ್ಲಿ, "ನಮ್ಮ ಅರಗು ಟವರ್ ಹತ್ತೈತೆ," ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಮಳೆಗಾಲದ ಕೊನೆಗೆ ಹೊಂಗನೂರಿನವರ ಮಾತು ಅರ್ಧಕ್ಕೇ ಕಡಿಯತೊಡಗಿತು. ಆಮೇಲೆ ಒಂದು ದಿನ ಪೂರ್ತಿ ನಿಂತಿತು. ಬೇರೆಯವರು ಹತ್ತಿ ನೋಡಿದರೆ ಅರಗು ಕಚ್ಚಿಕೊಂಡು ಜಾಯಿಂಟ್ ತಿರುಗಲೊಲ್ಲದು. ಜಗ್ಗಿದಾಗ ಪೆಟ್ಟಿಗೆಯ ಮೂತಿಯೇ ಕಿತ್ತು ಬಂತು, ಇಡೀ ಓಡಿಯು ಹಾಳು. ಒಳಗಿನ ಪಿನ್ನು ಹಸಿರು ಕಿಲುಬು ಹಿಡಿದಿತ್ತು. ದಾಸಪ್ಪ ರಸೂಲನನ್ನು ಅವತ್ತೇ ಕೆಲಸದಿಂದ ತೆಗೆದ. ಟೇಪಿನ ಸುದ್ದಿ ಅವನ ಬಾಯಲ್ಲಿ ಬರಲೇ ಇಲ್ಲ.

ಸಾಹೇಬರು ಇದ್ದದ್ದರಲ್ಲಿ ಒಳ್ಳೆಯ ಜುಬ್ಬಾ ಹಾಕಿಕೊಂಡು ಮಗನ ಜೊತೆ ರಾಮನಗರದಲ್ಲಿದ್ದ ದಾಸಪ್ಪನ ಆಫೀಸಿಗೆ ಹೋದರು. ದಾಸಪ್ಪ ಅರಗು ಮೆತ್ತಿದ ಜಾಯಿಂಟನ್ನು ಮೇಜಿನ ಮೇಲೆ ಎಸೆದ. ಬೇಡಿಕೊಳ್ಳಲು ಬಂದ ಸಾಹೇಬರು ಅದನ್ನು ಕೈಗೆತ್ತಿಕೊಂಡು, ಉಗುರಿನಲ್ಲಿ ಕೆರೆದು, ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಅರಳಿತು.

"ನೋಡಿ ಸಾರ್. ಇಷ್ಟು ಬಿಸಿಲು ಮಳೆ ತಿಂದೈತೆ, ಒಂದು ಬಿರುಕು ಬಿಟ್ಟಿಲ್ಲ."

ಆಫೀಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಅದೇ ಕಣ್ರೀ ಸಾಬ್ರೇ ಆಗಿದ್ದು," ಅಂದ ದಾಸಪ್ಪ. "ನೀರು ಒಳಗೇ ಕುಂತಿತ್ತು. ನಿಮ್ಮ ಅರಗು ಅದನ್ನ ಆಚೆ ಹೋಗಕ್ಕೆ ಬುಡ್ಲಿಲ್ಲ."

ಸಾಹೇಬರಿಗೆ ಅರ್ಥವಾಗಲು ಒಸಿ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಹಂಗಾದ್ರೆ ತಪ್ಪು ನಂದು ಸಾರ್, ಅವನದಲ್ಲ," ಅಂದರು. ಕೆಲಸ ಹೋದದ್ದಕ್ಕಿಂತ ಆ ನಗು ರಸೂಲನನ್ನು ಹೆಚ್ಚು ಸುಟ್ಟಿತು. ಅಬ್ಬಾನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

ಈಗ ಆ ಮನೆಯಲ್ಲಿ ಎರಡು ಲೇತ್ ಎದುರುಬದುರು ತಿರುಗುತ್ತವೆ. ಕೆಲಸ ಇದ್ದ ದಿನ ಅಪ್ಪ ಮಗ ಇಬ್ಬರೂ ಕೂರುತ್ತಾರೆ. ಅರಗು ಹಚ್ಚುವ ಹೊತ್ತಿಗೆ ಸಾಹೇಬರು ಲೇತಿನ ಆಚೆ ಬದಿಗೆ ಸರಿದು, ಮಗನಿಗೆ ಬೆನ್ನು ಮಾಡಿ ಕೂರುತ್ತಾರೆ.