ಅಡ್ಡ ಹಿಡಿದ ಕೈಮೇಲೆ ತುಪ್ಪ

ಸಾಕೆಂದು ಎಲೆಗೆ ಅಡ್ಡ ಹಿಡಿದ ಕೈಮೇಲೆಯೇ ತುಪ್ಪ ಸುರಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ, ಖರೇ ಹೇಳ್ರಿ?

ಮೊನ್ನೆ ಕಿತ್ತೂರಿನಲ್ಲಿ ಬೀಗರ ಮನೆಯ ಸೀಮಂತದ ಊಟಕ್ಕೆ ಕುಳಿತಿದ್ದೆವು. ಪಕ್ಕದಲ್ಲಿ ನನ್ನ ತಂಗಿ. ತೂಕ ಇಳಿಸದಿದ್ದರೆ ಮೊಣಕಾಲು ಉಳಿಯುವುದಿಲ್ಲ ಎಂದು ಬೈಲಹೊಂಗಲದ ಡಾಕ್ಟರು ಅವಳಿಗೆ ಹೇಳಿದ್ದರು. ಮತ್ತೊಂದು ಹೋಳಿಗೆ ಬಂದಾಗ ಅವಳು ಕೈ ಅಡ್ಡ ಹಿಡಿದಳು. ಬಡಿಸುತ್ತಿದ್ದ ಬೀಗತಿ ಆ ಕೈಮೇಲೆಯೇ ಹೋಳಿಗೆ ಇಟ್ಟು ತುಪ್ಪ ಸುರಿದಳು. ಅದು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ತಂಗಿ ಅದನ್ನು ನೆಕ್ಕಿದಳು! ಹೇಸಿಕೆಯಾಗಿ ನಾನು ನನ್ನ ಎಲೆಯ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ.

ಊಟವಾದ ಮೇಲೆ ಅವಳು ನೆಲದಿಂದ ಏಳಲಾಗದೆ ನರಳಿದಳು.

"ಛೀ! ಉಣಿಸಿ ಉಣಿಸಿ ಆಕಿ ಕಾಲು ಮುರದ್ರಲ್ಲಬೇ!" ಎಂದೆ.

ಬೀಗತಿ ತಂಗಿಯ ಕಂಕುಳಿಗೆ ಕೈ ಕೊಟ್ಟು ಎತ್ತುತ್ತ ನಕ್ಕಳು: "ಎತ್ತಾಕ ನಾವು ಅದೇವಲ್ರಿ ಅಕ್ಕಾರ, ನೀವು ಎಲಿಯಾಗ ಬಿಟ್ಟಿದ್ದು ಮೊದ್ಲು ಉಣ್ರಿ!"