ಪಾಲಕ್ಕ

ಸ್ವಂತ ಖರ್ಚಿನಲ್ಲಿ ಹಾಡು ಮಾಡಿಕೊಂಡ ಗಾಯಕರೆಲ್ಲ ಅದನ್ನು ಇಂಟರ್‌ನೆಟ್ಟಿಗೆ ಏರಿಸಲು ಬರುವುದು ಮಹಡಿ ಮೇಲಿನ ಪುಟ್ಟ ಆಫೀಸಿನ ಪಾಲಕ್ಕನ ಹತ್ತಿರವೇ. ಹಾಡಿನಿಂದ ಬರುವ ರಾಯಲ್ಟಿ ಹಣದಲ್ಲಿ ಹಾಡಿದವರಿಗೆ, ಬರೆದವರಿಗೆ, ರಾಗ ಕಟ್ಟಿದವರಿಗೆ ಪಾಲು, ಪಾಲು ಅಂತ ಬಡಿದಾಡಿಯೇ ಅವಳಿಗೆ ಆ ಹೆಸರು ಬಂದದ್ದು. ಹಾಡು ಶುರುವಾದರೆ ಕಾಲು ಕುಣಿಸುತ್ತಾಳೆ, ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಗಾಯಕನಿಗಿಂತ ಜೋರಾಗಿ ಹಾಡುತ್ತಾಳೆ, ಆಮೇಲೆ ಕನ್ನಡಕ ಮೂಗಿಗಿಳಿಸಿ, "ಜೊತೇಲಿ ಯಾರ್ಯಾರಿದ್ರು?" ಅನ್ನುತ್ತಾಳೆ. "ನಾನೊಬ್ಬನೇ" ಅಂದವನ ಕಥೆ ಮುಗಿದಂತೆ. "ಹೌದಾ? ರೆಕಾರ್ಡಿಂಗಲ್ಲಿ ನಿಮ್ಮನೆ ಮಗು ಅಳೋದು ಕೇಳಿಸ್ಲೇ ಇಲ್ವಲ್ಲ, ಅದನ್ನ ಎತ್ಕೊಂಡು ಬೀದಿ ಸುತ್ತಿದ್ದು ಯಾರು, ಗಿಟಾರಿನವ್ರಾ?" ಮೊನ್ನೆ ಒಬ್ಬ ಗಾಯಕ ಹೆಂಡತಿ, ಮಗುವಿನ ಜೊತೆ ಬಂದಿದ್ದ. ರಾಗ ಯಾರದೆಂದು ಕೇಳಿದರೆ, "ಜಾನಪದ ಅಂತ ಹಾಕಿ ಅಕ್ಕಾ. ಯಾರದೂ ಅಲ್ಲ, ಮನೇಲಿ ಸದಾ ಕೇಳಿಸ್ತಿರುತ್ತೆ" ಅಂದ. ಟೈಪ್ ಮಾಡುತ್ತಿದ್ದ ಪಾಲಕ್ಕನ ಬೆರಳು ನಿಂತಿತು. "ಯಾರ ಬಾಯಲ್ಲಪ್ಪ?" ಅವನು ಕಣ್ಣರಳಿಸಿ ಹೆಂಡತಿಯತ್ತ ತಿರುಗಿದ. "ಅಯ್ಯೋ, ಅದು ನೀನು ಕಟ್ಟಿದ್ದಾ?" "ಇನ್ಯಾರು? ಮಗೂಗೆ ಹಲ್ಲು ಬರೋವಾಗ ನೀವು ಗೊರಕೆ ಹೊಡೀತಿದ್ರಿ, ನಾನು ರಾಗ ಕಟ್ತಿದ್ದೆ." ಅವನೇ ಮೊದಲು ನಕ್ಕ. ಪಾಲಕ್ಕ 'ಜಾನಪದ'ವನ್ನು ಅಳಿಸಿ, "ಹೆಸರು ಹೇಳಮ್ಮ, ಪೂರ್ತಿ" ಅಂದಳು. ಅವಳು ಮಗುವನ್ನು ಗಂಡನ ಕೈಗಿಟ್ಟು, ತನ್ನ ಹೆಸರನ್ನು ಹಾಡಿಯೇ ಹೇಳಿದಳು.